ಹೇಳಿಕೊಂಡರೆ ಹಗುರವಾಗುತ್ತದೆಯೆ?

ನಮ್ಮ ಮನೆಗಳಲ್ಲಿ ದುಃಖಕ್ಕೆ ಎರಡೇ ಮದ್ದು. ಒಂದು, 'ಸಬರ್ ಮಾಡು'. ಇನ್ನೊಂದು, 'ಹೇಳಿಬಿಡು, ಎದೆ ಹಗುರವಾಗುತ್ತೆ'. ಮೊದಲನೆಯದನ್ನು ಹಿರಿಯರು ಹೇಳುತ್ತಾರೆ, ಎರಡನೆಯದನ್ನು ಗೆಳತಿಯರು. ಇವೆರಡೂ ಒಂದಕ್ಕೊಂದು ವಿರುದ್ಧವಾದ ಸಲಹೆಗಳು ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ. ಕಥೆ ಬರೆಯುವ ಚಟವಿರುವ ನಾನು ಸಹಜವಾಗಿಯೇ ಎರಡನೆಯ ಪಕ್ಷದಲ್ಲಿದ್ದೆ. ಹೇಳಿದರೆ ಹಗುರ, ಬರೆದರೆ ಇನ್ನೂ ಹಗುರ, ಅಚ್ಚಾದರಂತೂ ಸಮಾಜದ ಎದೆಯೇ ಹಗುರ ಎಂಬ ನಂಬಿಕೆ. ಈ ನಂಬಿಕೆಯ ಮೇಲೆ ಎಷ್ಟು ವಿಚಾರಸಂಕಿರಣಗಳಲ್ಲಿ ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರ ಊರೊಂದರಲ್ಲಿ ಗಲಭೆಯಾಯಿತು. ಊರಿನ ಹೆಸರು ಇಲ್ಲಿ ಬೇಡ. ನನ್ನ ತಾಯಿಗೆ ದೂರದ ತಂಗಿಯಾಗಬೇಕಾದವರು, ಖಾಲಾ ಎಂದೇ ಕರೆಯುತ್ತೇನೆ, ಆ ರಾತ್ರಿ ಮನೆಯೊಳಗೇ ಇದ್ದರು. ಒಂದು ವರ್ಷ ಕಳೆದ ಮೇಲೆ ಒಂದು ಸಂಜೆ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ, ಆ ರಾತ್ರಿಯ ಕುರಿತು ಹೇಳಿದರು. ನಾನು ಕೇಳಿರಲಿಲ್ಲ, ಅವರೇ ಹೇಳಿದರು. ಹೇಳಿ ಮುಗಿಸಿ, ಸಿಪ್ಪೆಯನ್ನು ಗುಡಿಸಿ, ಮಗ್ರಿಬ್ ನಮಾಜಿಗೆ ಎದ್ದು ಹೋದರು. ಮೂರು ತಿಂಗಳಲ್ಲಿ ಅದು ನನ್ನ ಕಥೆಯಾಯಿತು. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ, ವಯಸ್ಸನ್ನೂ ಇಳಿಸಿದ್ದೆ. ಮೆಚ್ಚುಗೆಯ ಪತ್ರಗಳು ಬಂದವು. ಪಿಯುಸಿ ಓದುತ್ತಿದ್ದ ಅವರ ಮೊಮ್ಮಗ ಅದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದನಂತೆ. ಮುಂದಿನ ಸಲ ನಾನು ಹೋದಾಗ ಖಾಲಾ ಚಹಾ ಕೊಟ್ಟರು, ಊಟ ಬಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು: "ನಾನು ಕೂಗಿರಲಿಲ್ಲ. ನೀನು ಕೂಗಿಸಿದೆ."

ನಿಜ. ಕಥೆಯ ಕೊನೆಯಲ್ಲಿ ಅವಳೊಂದು ಚೀತ್ಕಾರ ಹೊರಡಿಸುತ್ತಾಳೆ. ಅದಿಲ್ಲದೆ ಕಥೆ ನಿಲ್ಲುತ್ತಿರಲಿಲ್ಲ ಎಂದು ನನಗೆ ಅನ್ನಿಸಿತ್ತು. ಓದುಗರು ಮೆಚ್ಚಿದ್ದೂ ಅದನ್ನೇ.

ಅಂದಿನಿಂದ ನಾನು ಎರಡು ಬಗೆಯ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದತೊಡಗಿದೆ. ದೇಶವಿಭಜನೆಯ ಉರ್ದು ಕಥೆಗಳು ಒಂದು ಕಡೆ, ಆಘಾತಕ್ಕೊಳಗಾದ ಮನಸ್ಸಿಗೆ ಚಿಕಿತ್ಸೆ ಮಾಡುವ ವೈದ್ಯರ ಬರಹಗಳು ಇನ್ನೊಂದು ಕಡೆ. ಎರಡೂ ಕಡೆಯವರದು ಒಂದೇ ಕಸುಬು: ಇನ್ನೊಬ್ಬರ ನೋವನ್ನು ಹೇಳಿಸುವುದು. ಆದರೆ ಕಸುಬಿನ ನಿಯಮಗಳು ಬೇರೆ.

ರಾಜಿಂದರ್ ಸಿಂಗ್ ಬೇಡಿಯವರ 'ಲಾಜವಂತಿ'ಯನ್ನು ಹೈಸ್ಕೂಲಿನಲ್ಲಿ ಉರ್ದು ಮೇಷ್ಟ್ರು ಪಾಠ ಮಾಡಿದ್ದರು. ಆಗ ನಮಗೆ ಅದು ಔದಾರ್ಯದ ಕಥೆ. ವಿಭಜನೆಯಲ್ಲಿ ಅಪಹರಣಕ್ಕೊಳಗಾಗಿ ಮರಳಿ ಬಂದ ಹೆಂಗಸರನ್ನು ಮನೆಯವರೇ ಒಳಗೆ ಸೇರಿಸದ ಕಾಲ. ಸುಂದರಲಾಲ್ ಒಂದು ಸಮಿತಿ ಕಟ್ಟಿಕೊಂಡು, ಅವರನ್ನು ಹೃದಯದಲ್ಲಿ ನೆಲೆಗೊಳಿಸಿ ಎಂದು ಬೀದಿಬೀದಿ ಮೆರವಣಿಗೆ ಮಾಡುತ್ತಾನೆ. ಅವನ ಹೆಂಡತಿ ಲಾಜೋ ಕೂಡ ಅಪಹರಣವಾದವಳೇ. ಅವಳು ವಾಘಾ ಗಡಿಯ ಮೂಲಕ ಮರಳಿದಾಗ ಅವನು ಮಾತಿಗೆ ತಪ್ಪುವುದಿಲ್ಲ, ಮನೆ ತುಂಬಿಸಿಕೊಳ್ಳುತ್ತಾನೆ. ಮೊದಲು ಹೊಡೆಯುತ್ತಿದ್ದವನು ಈಗ ಅವಳನ್ನು ದೇವಿ ಎಂದು ಕರೆಯುತ್ತಾನೆ. ಮೇಷ್ಟ್ರು ಇಲ್ಲಿಗೆ ಪುಸ್ತಕ ಮುಚ್ಚಿ, ಮನುಷ್ಯ ಹೀಗಿರಬೇಕು ಎಂದಿದ್ದರು.

ಬೇಡಿ ಪುಸ್ತಕ ಮುಚ್ಚುವುದು ಇಲ್ಲಿಗಲ್ಲ. ಲಾಜೋಗೆ ಹೇಳಬೇಕಾಗಿದೆ. ಅವನು ಯಾರು, ಏನು ಮಾಡಿದ, ತಾನು ಹೇಗೆ ಬದುಕಿದೆ, ಎಲ್ಲವನ್ನೂ ಗಂಡನ ಎದುರು ಅತ್ತು ಹೇಳಬೇಕಾಗಿದೆ. ಸುಂದರಲಾಲ್ ಎರಡು ಮೂರು ಪ್ರಶ್ನೆ ಕೇಳುತ್ತಾನೆ. ಅವಳು ಬಾಯಿ ತೆರೆಯುತ್ತಲೇ, ಹೋಗಲಿ ಬಿಡು, ಆದದ್ದು ಆಯಿತು, ನಿನ್ನ ತಪ್ಪೇನಿದೆ ಎಂದು ಮುಚ್ಚಿಸಿಬಿಡುತ್ತಾನೆ. ಅವನ ಕಣ್ಣಲ್ಲಿ ಅದು ಕರುಣೆ. ಅವಳ ಪಾಲಿಗೆ ಅದು ಎರಡನೆಯ ಗಡೀಪಾರು. ಮನೆ ಸಿಕ್ಕಿತು, ತಾನು ಸಿಗಲಿಲ್ಲ. ಲಾಜವಂತಿ ಎಂದರೆ ನಮ್ಮ ಮುಟ್ಟಿದರೆ ಮುನಿ ಗಿಡ. ಮುಟ್ಟಿದರೆ ಮುದುಡುತ್ತದೆ ಎಂದು ಹೆದರಿ ಮುಟ್ಟದೆಯೇ ಬಿಟ್ಟರೆ ಏನಾಗುತ್ತದೆ ಎಂಬುದು ಬೇಡಿಯ ಪ್ರಶ್ನೆ. ಈ ಕಥೆಯಿರುವ ಸಂಕಲನದ ಹೆಸರಿಗೆ 'ನಿನ್ನ ದುಃಖಗಳನ್ನು ನನಗೆ ಕೊಡು' ಎಂದು ಅರ್ಥ. ಆ ಹೆಸರು ಸಂಕಲನದ ಬೇರೊಂದು ಕಥೆಯದು. ಆದರೂ ಲಾಜೋಗೆ ಯಾರೂ ಹಾಗೆ ಕೇಳಲಿಲ್ಲವಲ್ಲ ಎಂದು ಪುಸ್ತಕದ ರಕ್ಷಾಪುಟ ನೋಡಿದಾಗಲೆಲ್ಲ ಅನ್ನಿಸುತ್ತದೆ.

ಸರಕಾರವೂ ಕೇಳಲಿಲ್ಲ. 1949ರಲ್ಲಿ ಭಾರತ ಅಪಹೃತರನ್ನು ಮರಳಿ ಪಡೆಯಲು ಒಂದು ಕಾಯ್ದೆಯನ್ನೇ ಮಾಡಿತು. ಹೆಣ್ಣಿಗೆ ಮರಳಿ ಹೋಗಲು ಇಷ್ಟವಿದೆಯೇ ಇಲ್ಲವೇ ಎಂಬುದು ಅದರಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಊರ್ವಶಿ ಬುಟಾಲಿಯಾ 1998ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಮೌನದ ಇನ್ನೊಂದು ಬದಿಯನ್ನು ಹುಡುಕಿ ಹೊರಟರು. ಅಷ್ಟು ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು.

ಲಾಜೋಗೆ ಎದುರಾಗಿ ಮಂಟೋನ ಸಕೀನಾಳನ್ನು ನಿಲ್ಲಿಸಬೇಕು. 'ಖೋಲ್ ದೋ' ಪ್ರಕಟಿಸಿದ್ದಕ್ಕೆ ಲಾಹೋರಿನ 'ನುಕೂಷ್' ಪತ್ರಿಕೆಯೇ ನಿಷೇಧಕ್ಕೊಳಗಾಯಿತು. ಕಥೆ ಎಲ್ಲರಿಗೂ ಗೊತ್ತು. ಮುದುಕ ಸಿರಾಜುದ್ದೀನ್ ಮಗಳನ್ನು ಹುಡುಕುತ್ತಿದ್ದಾನೆ. ಅವಳನ್ನು ಹುಡುಕಿಕೊಡುವುದಾಗಿ ಮಾತು ಕೊಟ್ಟ ತನ್ನವರೇ ಆದ ಸ್ವಯಂಸೇವಕರು ಅವಳಿಗೆ ಏನು ಮಾಡಿದರು ಎಂಬುದನ್ನು ಮಂಟೋ ಬರೆಯುವುದಿಲ್ಲ. ಶವದಂತೆ ಬಿದ್ದಿರುವ ಹುಡುಗಿಯ ಎದುರು ವೈದ್ಯ ಕಿಟಕಿ ತೆರೆಯಲು ಹೇಳುತ್ತಾನೆ. ಆ ಶಬ್ದ ಕೇಳಿದ್ದೇ ಅವಳ ನಿರ್ಜೀವ ಕೈಗಳು ಸಲ್ವಾರಿನ ಲಾಡಿಯತ್ತ ಹೋಗುತ್ತವೆ. ಮಗಳು ಬದುಕಿದ್ದಾಳೆಂದು ತಂದೆ ಸಂತೋಷದಿಂದ ಕೂಗುತ್ತಾನೆ. ವೈದ್ಯ ಬೆವರುತ್ತಾನೆ.

ಇಷ್ಟು ವರ್ಷ ನಾನು ಈ ಕಥೆಯಲ್ಲಿ ತಂದೆಯನ್ನು ನೋಡಿದ್ದೆ, ಮಗಳನ್ನು ನೋಡಿದ್ದೆ. ಈಗ ವೈದ್ಯನನ್ನು ನೋಡುತ್ತೇನೆ. ಆ ಕೋಣೆಯಲ್ಲಿ ನಡೆದದ್ದನ್ನು ಅರ್ಥಮಾಡಿಕೊಂಡವನು ಅವನೊಬ್ಬನೇ. ಅವನು ಏನನ್ನೂ ಕೇಳಲಿಲ್ಲ, ಅವಳು ಏನನ್ನೂ ಹೇಳಲಿಲ್ಲ. ದೇಹ ಹೇಳಿತು. 2014ರಲ್ಲಿ ಬಂದ ಬೆಸೆಲ್ ವಾನ್ ಡೆರ್ ಕೋಲ್ಕ್‌ರ ಜನಪ್ರಿಯ ಪುಸ್ತಕವೊಂದು ದೇಹ ಲೆಕ್ಕ ಇಟ್ಟುಕೊಳ್ಳುತ್ತದೆ ಎಂಬ ಅರ್ಥದ ಹೆಸರನ್ನು ಹೊತ್ತು ಲಕ್ಷಗಟ್ಟಲೆ ಮಾರಾಟವಾಯಿತು. ಅದರ ನೂರಾರು ಪುಟಗಳ ಮುಖ್ಯ ವಿಚಾರ ಮಂಟೋನ ಒಂದು ವಾಕ್ಯದಲ್ಲಿ ಆಗಲೇ ಇತ್ತು. ಆಘಾತದ ನೆನಪು ಸಾಮಾನ್ಯ ನೆನಪಿನಂತಲ್ಲ ಎನ್ನುತ್ತಾರೆ ವೈದ್ಯರು. ಅದಕ್ಕೆ ದಿನಾಂಕವಿರುವುದಿಲ್ಲ. ಒಂದು ವಾಸನೆ, ಒಂದು ಸದ್ದು, ಒಂದು ಶಬ್ದ ಸಾಕು, ನಡೆದದ್ದು ಮತ್ತೆ ಈಗಲೇ ನಡೆಯತೊಡಗುತ್ತದೆ. ಸಕೀನಾಗೆ ಆ ಕೋಣೆ ಆಸ್ಪತ್ರೆಯಲ್ಲ.

ಇಲ್ಲಿ ಒಂದು ಶಬ್ದದ ಬಗ್ಗೆ ಹೇಳಿಬಿಡಬೇಕು. ಟ್ರಾಮಾ ಎಂಬ ಗ್ರೀಕ್ ಪದಕ್ಕೆ ಗಾಯ ಎಂದು ಅರ್ಥ. ಕನ್ನಡದಲ್ಲಿ ಅದನ್ನು ಆಘಾತ ಎಂದು ಮಾಡಿಕೊಂಡಿದ್ದೇವೆ. ಉರ್ದುವಿನಲ್ಲಿ ಸದಮಾ, ಅದರ ಅರಬಿ ಮೂಲದಲ್ಲಿ ಡಿಕ್ಕಿ ಎಂಬ ಅರ್ಥವಿದೆ. ನನ್ನ ಎರಡೂ ಭಾಷೆಗಳು ಏಟಿಗೆ ಹೆಸರಿಟ್ಟಿವೆ, ಗಾಯಕ್ಕಲ್ಲ. ಏಟು ಒಂದು ಕ್ಷಣದ್ದು. ಗಾಯಕ್ಕೆ ಆಯುಷ್ಯವಿದೆ. ಇತ್ತೀಚೆಗೆ ಹುಡುಗರು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದದ್ದನ್ನೂ ಟ್ರಾಮಾ ಎನ್ನತೊಡಗಿದ್ದಾರೆ. ಹೀಗಾದರೆ ಇನ್ನು ಕೆಲವೇ ವರ್ಷಗಳಲ್ಲಿ ಆ ಪದವೂ ಕೆಲಸಕ್ಕೆ ಬಾರದಾದೀತು.

ಹೇಳಿಕೊಂಡರೆ ವಾಸಿಯಾಗುತ್ತದೆ ಎಂಬ ನಂಬಿಕೆ ವೈದ್ಯಕೀಯಕ್ಕೆ ಬಂದದ್ದು ಒಬ್ಬ ರೋಗಿಯಿಂದಲೇ. 1880ರಿಂದ 1882ರವರೆಗೆ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಒಬ್ಬ ಯುವತಿಗೆ ಚಿಕಿತ್ಸೆ ಮಾಡಿದ. ದಿನಾ ಸಂಜೆ ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ. ಇದನ್ನು ಮಾತಿನ ಚಿಕಿತ್ಸೆ ಎಂದು ಕರೆದವಳು ಅವಳೇ. ತಮಾಷೆಗೆ, ಹೊಗೆಕೊಳವೆ ಗುಡಿಸುವುದು ಎಂದೂ ಅನ್ನುತ್ತಿದ್ದಳು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಅವಳಿಗೆ ಅನ್ನಾ ಓ ಎಂಬ ಹೆಸರಿಟ್ಟು ಈ ಪ್ರಕರಣವನ್ನು ಯಶಸ್ಸೆಂದು ಪ್ರಕಟಿಸಿದರು. ವಾಸ್ತವದಲ್ಲಿ, ಚಿಕಿತ್ಸೆ ಮುಗಿದ ಬೆನ್ನಿಗೇ ಅವಳನ್ನು ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್ ಎಂಬಲ್ಲಿನ ಆರೋಗ್ಯಧಾಮಕ್ಕೆ ಸೇರಿಸಬೇಕಾಗಿತ್ತು. ಆಮೇಲೆ ಅವಳು ಚೇತರಿಸಿಕೊಂಡು ಬರ್ತಾ ಪಾಪನ್‌ಹೈಮ್ ಎಂಬ ತನ್ನ ನಿಜನಾಮದಿಂದಲೇ ಪ್ರಸಿದ್ಧಳಾದಳು. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಸಂಘಟನೆ ಕಟ್ಟಿದಳು, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಹೋರಾಡಿದಳು. ಅನ್ನಾ ಓ ಎಂದರೆ ಅವಳೇ ಎಂದು ಜಗತ್ತಿಗೆ ಸಾರಿದ್ದು ಫ್ರಾಯ್ಡನ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್, 1953ರಲ್ಲಿ. ಅವಳು ತೀರಿಕೊಂಡು 17 ವರ್ಷವಾಗಿತ್ತು. ಯಾರೂ ಅವಳ ಅಪ್ಪಣೆ ಕೇಳಲಿಲ್ಲ. ಮಾತಿನ ಚಿಕಿತ್ಸೆಯ ಮೊದಲ ಕಥೆಯಲ್ಲೇ, ಕಥೆ ಹೇಳಿದವಳ ಕೈ ತಪ್ಪಿಹೋಯಿತು. ನಾನು ಖಾಲಾಗೆ ಮಾಡಿದ್ದೂ ಇದನ್ನೇ ಎಂದು ಈ ಪ್ರಕರಣ ಓದುವಾಗ ಹೊಳೆದು, ಪುಸ್ತಕ ಕೆಳಗಿಟ್ಟೆ.

ಮುಂದೆ ನೂರು ವರ್ಷಗಳ ಕಾಲ ಈ ನಂಬಿಕೆ ಹಲವು ವೇಷ ತೊಟ್ಟಿತು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್, ಬೆಂಕಿ ಆರಿಸುವವರು, ಆಂಬುಲೆನ್ಸ್ ಸಿಬ್ಬಂದಿ ಮುಂತಾದವರಿಗಾಗಿ ಒಂದು ಪದ್ಧತಿ ರೂಪಿಸಿದರು. ದುರ್ಘಟನೆಯಾದ ಕೆಲವೇ ದಿನಗಳೊಳಗೆ ಎಲ್ಲರನ್ನೂ ಕೂರಿಸಿ, ಕಂಡದ್ದು ಅನುಭವಿಸಿದ್ದು ಎಲ್ಲವನ್ನೂ ಹೇಳಿಸಿಬಿಡುವುದು. ಕೇಳಲು ಎಷ್ಟು ಸಮಂಜಸ! ಬರಬರುತ್ತ ಇದನ್ನು ಗಾಯಗೊಂಡವರಿಗೂ ಅನ್ವಯಿಸಲಾಯಿತು. 1997ರಲ್ಲಿ ಬ್ರಿಟನ್ನಿನಲ್ಲಿ ಸುಟ್ಟಗಾಯಗಳಾದ 133 ಜನರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಸುಮಾರು ಒಂದು ವರ್ಷದ ನಂತರ ನೋಡಿದರೆ, ಹೀಗೆ ಹೇಳಿಸಲ್ಪಟ್ಟವರಲ್ಲಿ 26% ಜನ ಆಘಾತೋತ್ತರ ಮನೋವ್ಯಾಧಿಯಿಂದ ಬಳಲುತ್ತಿದ್ದರು. ಏನನ್ನೂ ಹೇಳಿಸದೆ ಬಿಟ್ಟವರಲ್ಲಿ ಕೇವಲ 9%. ಮೊದಲ ಗುಂಪಿನವರ ಗಾಯಗಳು ಮೊದಲೇ ಹೆಚ್ಚು ತೀವ್ರವಾಗಿದ್ದವು ಎಂಬ ಆಕ್ಷೇಪವಿದೆ, ಅದೂ ಸರಿಯೇ. ಆದರೆ ಮುಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಒಂದೇ ಕೂಟದಲ್ಲಿ ಎಲ್ಲವನ್ನೂ ಕಕ್ಕಿಸುವ ಈ ಪದ್ಧತಿಯಿಂದ ಪ್ರಯೋಜನ ಕಾಣಲಿಲ್ಲ, ಕೆಲವರಿಗೆ ಕೇಡೇ ಆಗಬಹುದು ಎಂದು ತೀರ್ಮಾನವಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಾನಸಿಕ ಪ್ರಥಮ ಚಿಕಿತ್ಸೆಯಲ್ಲಿ ಮೊದಲು ನೀರು, ಹೊದಿಕೆ, ಮನೆಯವರ ಸುದ್ದಿ. ಹೇಳು ಎಂದು ಒತ್ತಾಯಿಸುವಂತಿಲ್ಲ, ಹೇಳಿದರೆ ಕೇಳಬೇಕು, ಅಷ್ಟೆ.

ಗಲಭೆಯಾದ ಊರಿಗೆ ಮೂರನೆಯ ದಿನ ಕ್ಯಾಮೆರಾ, ನೋಟ್‌ಬುಕ್ಕು, ಸತ್ಯಶೋಧನಾ ಸಮಿತಿಗಳೊಂದಿಗೆ ಹೋಗುವ ನಮ್ಮಂಥವರು ಇದನ್ನು ಎರಡು ಸಲ ಓದಬೇಕು. ಒಂದೇ ಹೆಂಗಸಿನಿಂದ ಒಂದೇ ದಿನ ಐದು ತಂಡಗಳಿಗೆ ಅದೇ ರಾತ್ರಿಯನ್ನು ಹೇಳಿಸಿದ್ದನ್ನು ನಾನು ನೋಡಿದ್ದೇನೆ. ನ್ಯಾಯಕ್ಕೆ ಸಾಕ್ಷ್ಯ ಬೇಕು, ಇಲ್ಲವೆನ್ನುವುದಿಲ್ಲ. ಐದು ಸಲ ಬೇಕಿರಲಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಮೇಲೆ? ಸುಂದರಲಾಲನ ಪಕ್ಷವೇ ಸರಿ? ಅಲ್ಲ. ಇಲ್ಲಿ ಜೂಡಿತ್ ಹರ್ಮನ್ ನನಗೆ ಬಹಳ ಉಪಕಾರ ಮಾಡಿದರು. 1992ರ ತಮ್ಮ ಕೃತಿಯಲ್ಲಿ ಅವರು ಚೇತರಿಕೆಗೆ ಮೂರು ಘಟ್ಟಗಳನ್ನು ಹೇಳುತ್ತಾರೆ: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಜನರೊಂದಿಗೆ ಮತ್ತೆ ಬೆರೆಯುವುದು. ಸುರಕ್ಷತೆ ಮೊದಲು ಎಂಬಲ್ಲಿ ನಮ್ಮ ಕಷ್ಟವಿದೆ. ಈ ವ್ಯಾಧಿಯನ್ನು ಅಮೆರಿಕದ ಮನೋವೈದ್ಯರು 1980ರಲ್ಲಿ ತಮ್ಮ ಕೈಪಿಡಿಗೆ ಸೇರಿಸಿದಾಗ ಅವರ ಕಣ್ಣ ಮುಂದಿದ್ದವರಲ್ಲಿ ಮುಖ್ಯರು ವಿಯೆಟ್ನಾಮಿನಿಂದ ಊರಿಗೆ ಮರಳಿದ್ದ ಸೈನಿಕರು. ಯುದ್ಧ ಅಲ್ಲಿತ್ತು, ಮನೆ ಇಲ್ಲಿತ್ತು. ಹಾಗಾಗಿ ಹೆಸರಿನಲ್ಲೇ 'ಉತ್ತರ' ಸೇರಿಕೊಂಡಿದೆ, ಆಘಾತದ ನಂತರದ್ದು ಎಂದು. ಖಾಲಾಗೆ ಯಾವ ನಂತರ? ಆ ರಾತ್ರಿ ಬಾಗಿಲು ಒದ್ದವರಲ್ಲಿ ಒಬ್ಬ ಪ್ರತಿ ತಿಂಗಳೂ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಎದುರಾಗುತ್ತಾನೆ.

ಹೇಳುವುದನ್ನೇ ಚಿಕಿತ್ಸೆಯಾಗಿಸಿದ ಪದ್ಧತಿಗಳಲ್ಲಿ ಕಥೆಗಾರರು ಗಮನಿಸಲೇಬೇಕಾದದ್ದೊಂದಿದೆ. ಚಿಲಿ ದೇಶದಲ್ಲಿ ಪಿನೋಷೆಯ ಸರ್ವಾಧಿಕಾರವಿದ್ದಾಗ, ಚಿತ್ರಹಿಂಸೆಗೆ ಗುರಿಯಾದವರ ಹೇಳಿಕೆಗಳನ್ನು ಇಬ್ಬರು ಮನಶ್ಶಾಸ್ತ್ರಜ್ಞೆಯರು ಟೇಪಿನಲ್ಲಿ ದಾಖಲಿಸುತ್ತ ಹೋದರು. ಹೇಳಿದವರೊಡನೆ ಕೂತು ಅದನ್ನು ಸಾಕ್ಷ್ಯಪತ್ರವಾಗಿ ಬರೆದರು. ಹೀಗೆ ಮಾಡುವಾಗ ನೋವು ಇಳಿಯುತ್ತಿರುವುದನ್ನು ಕಂಡು 1983ರಲ್ಲಿ ಲೇಖನ ಪ್ರಕಟಿಸಿದರು, ಜೀವಭಯದಿಂದ ಸುಳ್ಳು ಹೆಸರುಗಳಲ್ಲಿ. ಇದರಿಂದ ಪ್ರೇರಣೆ ಪಡೆದು ಜರ್ಮನಿಯ ಕೊನ್‌ಸ್ಟಾನ್ಜ್ ವಿಶ್ವವಿದ್ಯಾಲಯದ ಮ್ಯಾಗಿ ಶಾವರ್, ಫ್ರಾಂಕ್ ನೊಯ್ನರ್, ಥಾಮಸ್ ಎಲ್ಬರ್ಟ್ ಒಂದು ಕಥನ ಚಿಕಿತ್ಸೆಯನ್ನು ರೂಪಿಸಿದರು. ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಅದು ಆ ಮನುಷ್ಯನ ಬಾಳು, ಹುಟ್ಟಿನಿಂದ ಇಂದಿನವರೆಗೆ. ಕೆಟ್ಟದ್ದು ನಡೆದಲ್ಲಿ ಕಲ್ಲು, ಒಳ್ಳೆಯದು ನಡೆದಲ್ಲಿ ಹೂವು ಇಡಬೇಕು. ಆಮೇಲೆ ಒಂದೊಂದೇ ಕಲ್ಲಿನ ಬಳಿ ನಿಂತು ನಿಧಾನವಾಗಿ ಹೇಳಬೇಕು. ಆಗ ಏನು ಕಂಡಿರಿ, ಏನು ಕೇಳಿಸಿತು, ಮೈಗೆ ಏನಾಯಿತು, ಈಗ ಹೇಳುವಾಗ ಏನಾಗುತ್ತಿದೆ? ಆಗ ಮತ್ತು ಈಗ ಬೇರೆ ಬೇರೆ ಎಂದು ಮೈಗೆ ತಿಳಿಯುವವರೆಗೆ ಅವಸರವಿಲ್ಲ. ದಿನಾಂಕವಿಲ್ಲದ ನೆನಪಿಗೆ ದಿನಾಂಕ ಹಚ್ಚುವ ಕೆಲಸವಿದು. ಕೇಳುವವರು ಪ್ರತಿಯೊಂದನ್ನೂ ಬರೆದುಕೊಳ್ಳುತ್ತಾರೆ. ಮುಂದಿನ ಸಲ ಬಂದಾಗ ಬರೆದದ್ದನ್ನು ಓದಿ ಹೇಳುತ್ತಾರೆ. ಹೇಳಿದವರು ತಿದ್ದುತ್ತಾರೆ, ಸೇರಿಸುತ್ತಾರೆ. ಕೊನೆಗೆ ಆ ಬರಹ ಹೇಳಿದವರ ಕೈಗೇ ಹೋಗುತ್ತದೆ.

ಉಗಾಂಡದ ಶಿಬಿರವೊಂದರಲ್ಲಿದ್ದ 43 ಸುಡಾನಿ ನಿರಾಶ್ರಿತರಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಕಥನ ಚಿಕಿತ್ಸೆ ಪಡೆದವರಲ್ಲಿ 29% ಮಂದಿಗೆ ಮಾತ್ರ ವ್ಯಾಧಿ ಉಳಿದಿತ್ತು. ಸಮಾಧಾನದ ಆಪ್ತಸಲಹೆ ಪಡೆದವರಲ್ಲಿ ಅದು 79%. ಸಣ್ಣ ಗುಂಪು, ಅದರ ಮೇಲೆ ಮಹಲು ಕಟ್ಟಬಾರದು. ನನ್ನನ್ನು ತಟ್ಟಿದ್ದು ಅಂಕಿಗಳಲ್ಲ, ಆ 'ಓದಿ ಹೇಳುತ್ತಾರೆ, ತಿದ್ದುತ್ತಾರೆ' ಎಂಬುದು. ಹೆಸರು ಬದಲಿಸಿದರೆ ಸಾಕು, ಕಥೆ ನಮ್ಮದು ಎಂದುಕೊಂಡಿರುವ ಕಥೆಗಾರರಿಗೆ ಇಂಥ ಒಂದು ನಿಯಮವೂ ಇಲ್ಲ.

ಇದಕ್ಕೆ ಉತ್ತರ ಸಿದ್ಧವಿದೆ ಎಂದು ಗೊತ್ತು. ಸಾಹಿತ್ಯವೇನು ಚಿಕಿತ್ಸೆಯೇ? ಮಂಟೋ ಯಾರ ಸಹಿ ಪಡೆದು ಬರೆದ? ಸರಿ. ಆದರೆ ಮಂಟೋನನ್ನು ನಮ್ಮ ಪಕ್ಷದ ವಕೀಲನಾಗಿ ನಿಲ್ಲಿಸುವ ಮೊದಲು ಅವನು ಏನನ್ನು ಬರೆಯಲಿಲ್ಲ ಎಂಬುದನ್ನು ನೋಡಬೇಕು. ಸಕೀನಾಳ ಬಾಯಿಗೆ ಅವನು ಒಂದು ಶಬ್ದವನ್ನೂ ತುರುಕಲಿಲ್ಲ. ಕೂಗುವವನು ತಂದೆ. 'ಟೋಬಾ ಟೇಕ್ ಸಿಂಗ್'ನ ಬಿಶನ್ ಸಿಂಗ್ ಹದಿನೈದು ವರ್ಷ ನಿಂತೇ ಇದ್ದವನು, ಅವನ ಮಾತು ಯಾರಿಗೂ ಅರ್ಥವಾಗದ ಶಬ್ದಗಳ ಗೊಂಚಲು. ಅವನು ಮನಸ್ಸಿನಲ್ಲಿ ಏನು ಅಂದುಕೊಂಡ ಎಂದು ಮಂಟೋ ವಿವರಿಸಲು ಹೋಗುವುದಿಲ್ಲ. 1950ರಲ್ಲಿ ನಿಜವಾಗಿಯೂ ಎರಡು ದೇಶಗಳು ಮಾನಸಿಕ ಆಸ್ಪತ್ರೆಗಳ ರೋಗಿಗಳನ್ನು ಧರ್ಮದ ಲೆಕ್ಕದಲ್ಲಿ ಅದಲುಬದಲು ಮಾಡಿಕೊಂಡವು. ಮಂಟೋ ಸ್ವತಃ ಕುಡಿತದ ಚಿಕಿತ್ಸೆಗೆ ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿ ಇದ್ದು ಬಂದವನು. ಒಳಗಿದ್ದು ಬಂದವನಿಗೆ ಒಳಗಿನವರ ಮೌನದ ಬೆಲೆ ಗೊತ್ತಿತ್ತು. ನಮ್ಮ ಗಲಭೆ ಕಥೆಗಳಲ್ಲಿ, ನನ್ನದನ್ನೂ ಸೇರಿಸಿ ಹೇಳುತ್ತೇನೆ, ಈ ಸಂಯಮ ಕಡಿಮೆ. ಬುರ್ಖಾ ತೊಟ್ಟ ಹೆಂಗಸು ಕೊನೆಯ ಪ್ಯಾರಾದಲ್ಲಿ ಕೂಗಲೇಬೇಕು. ಇಲ್ಲವಾದರೆ ಸಂಪಾದಕರಿಗೂ ತೃಪ್ತಿಯಿಲ್ಲ.

ವೀಣಾ ದಾಸ್ ಎಂಬ ಮಾನವಶಾಸ್ತ್ರಜ್ಞೆ ವಿಭಜನೆ ಕಂಡ ಪಂಜಾಬಿ ಹೆಂಗಸರೊಡನೆ ದೀರ್ಘ ಕಾಲ ಒಡನಾಡಿ 2007ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಆ ಹೆಂಗಸರು ವಿಷವನ್ನು ಒಳಗೇ ಇಟ್ಟುಕೊಂಡವರಂತೆ ಆ ಕಾಲದ ತಿಳಿವನ್ನು ಇಟ್ಟುಕೊಂಡು ಸಂಸಾರ ನಡೆಸಿದ್ದನ್ನು ಅವರು ಗೌರವದಿಂದ ಬರೆಯುತ್ತಾರೆ. ಆ ಮೌನವನ್ನು ರೋಗವೆಂದು ಕರೆಯಲು ಅವರಿಗೆ ಮನಸ್ಸಿಲ್ಲ. ನಮ್ಮ ಸಬರ್‌ನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು ಅನ್ನಿಸುತ್ತದೆ. ಬಾಯಿಗೆ ಬೀಗ ಹಾಕುವುದೇ ಸಬರ್ ಎಂದು ಯಾರು ಕಲಿಸಿದರೋ! ಕುರ್‌ಆನ್ ಹೇಳುವ ಯಾಕೂಬರ ಸಬರ್ ಸುಂದರ ಸಬರ್. ಆದರೂ ಯೂಸುಫರಿಗಾಗಿ ಅವರ ಕಣ್ಣುಗಳು ದುಃಖದಿಂದ ಬೆಳ್ಳಗಾದವು. ಮಕ್ಕಳೇ ಬೇಸರಪಟ್ಟು ಸಾಕು ಮಾಡಿ ಎಂದರೂ ಅವರು ನಿಲ್ಲಿಸಲಿಲ್ಲ. ತನ್ನ ದುಃಖವನ್ನು ಯಾರಲ್ಲಿ ತೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಅವರೇ ನಿರ್ಧರಿಸಿದರು.

ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಕುರಿತ ಬರಹಕ್ಕೆ ಬಡತನವಿಲ್ಲ. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ತಮ್ಮ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಮನೆಮನೆಗೆ ತಲುಪುವಂತೆ ಬರೆದವರು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ಖಾಲಾಗೆ ಈ ಸಂಖ್ಯೆ ಬರೆದುಕೊಟ್ಟೆ. "ಫೋನಿನಲ್ಲಿ ಮುಖ ಕಾಣಲ್ವಲ್ಲ" ಎಂದರು. ಚೀಟಿಯನ್ನು ಮಾತ್ರ ಎಸೆಯಲಿಲ್ಲ, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು.

ಕಳೆದ ರಮಜಾನಿಗೆ ಮೊದಲು ಆ ಕಥೆಯನ್ನು ಅವರ ಮುಂದೆ ಇಟ್ಟೆ. ನಾನು ವೈದ್ಯರಲ್ಲ, ಇದು ಚಿಕಿತ್ಸೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೋಗಿದ್ದೆ. ಬೇಡವೆಂದರೆ ಹರಿದುಹಾಕುತ್ತೇನೆ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ಓದು ಎಂದರು. ಮೊದಲ ಪುಟದಲ್ಲೇ ನಿಲ್ಲಿಸಿದರು. ಒಲೆಯ ಮೇಲೆ ಹಾಲಿತ್ತು, ಅದನ್ನು ನಾನು ಬರೆದಿಲ್ಲವಂತೆ. ಹಾಲು ಉಕ್ಕಿ ಚೆಲ್ಲುತ್ತಿತ್ತು, ಅದನ್ನು ಇಳಿಸಲಾಗಲಿಲ್ಲ, ಆ ಸೀದ ವಾಸನೆ ಬರೆ ಎಂದರು. ಅಂದು ಹೇಳುವಾಗ ಅವರೂ ಅದನ್ನು ಹೇಳಿರಲಿಲ್ಲ. ನಾಲ್ಕು ಪುಟ ತಿದ್ದಿಸಿದರು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ, ಇವತ್ತಿಗೆ ಸಾಕು, ಈದ್ ಮುಗಿಯಲಿ ಎಂದು ಎದ್ದರು. ಹಾಳೆಗಳನ್ನು ನನಗೆ ಹಿಂದಿರುಗಿಸಲಿಲ್ಲ. ರೇಷನ್ ಕಾರ್ಡ್ ಇಡುವ ಟ್ರಂಕಿನಲ್ಲಿ ಅವು ಇವೆ. ಈದ್ ಮುಗಿದು, ಬಕ್ರೀದ್ ಮುಗಿದು, ಮೊಹರಂ ಕೂಡ ಆಯಿತು. ಅವರು ಕರೆದಿಲ್ಲ, ನಾನು ಕೇಳಿಲ್ಲ.